ಬಟ್ಟೆ ಆರಿಸೋರು ಒಬ್ಬರು, ಬೆವರೋರು ಇನ್ನೊಬ್ಬರು

ಮಾನ್ಯ ಸಂಪಾದಕರೇ,

ಪಾಲಿಯೆಸ್ಟರ್ ಬಟ್ಟೆ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಎರಡೂ ಪತ್ರ ಓದಿದೆ. ಒಬ್ಬರು, ಪಾಲಿಯೆಸ್ಟರ್ ಅಂದರೆ ಪ್ಲಾಸ್ಟಿಕ್, ಅದನ್ನು ಮೈಗೆ ಸೋಕಿಸಲೇಬಾರದು, ಎಲ್ಲರೂ ಖಾದಿ ಕಾಟನ್‌ಗೆ ವಾಪಸ್ ಬರಬೇಕು ಎಂದಿದ್ದಾರೆ. ಇನ್ನೊಬ್ಬರು, ಈಗಿನ ಪಾಲಿಯೆಸ್ಟರ್ ನಮ್ಮ ಅಪ್ಪಂದಿರ ಕಾಲದ ಟೆರಿಲಿನ್ ಅಲ್ಲ, ಹಳೇ ಪುರಾಣ ಬಿಡಿ ಎಂದಿದ್ದಾರೆ. ಇಬ್ಬರೂ ಗಂಡಸರು. ಇಬ್ಬರ ಪತ್ರದಲ್ಲೂ ಬಟ್ಟೆ ಒಗೆಯುವ ಕಲ್ಲಿನ ಸುದ್ದಿಯೇ ಇಲ್ಲ. ಅದಕ್ಕೇ ನಾನು ಬರೆಯುತ್ತಿದ್ದೇನೆ.

ನಾನು ಶಿಡ್ಲಘಟ್ಟದಲ್ಲಿ ಟೈಲರ್. ಹೆಂಗಸರ ಬ್ಲೌಸು, ಚೂಡಿದಾರ, ಮಕ್ಕಳ ಯೂನಿಫಾರ್ಮು ಹೊಲಿಯುತ್ತೇನೆ. ಸೀರೆಗೆ ಫಾಲ್ ಹಚ್ಚಿ ಕೊಡುತ್ತೇನೆ. ಬಟ್ಟೆ ಹೊಸದಾಗಿದ್ದಾಗ ಹೇಗಿತ್ತು ಅಂತ ಅಂಗಡಿಯವರಿಗೆ ಗೊತ್ತು. ಆರು ತಿಂಗಳು ಉಟ್ಟು ತೊಟ್ಟ ಮೇಲೆ ಹೇಗಾಯಿತು ಅನ್ನೋದು ನಮಗೆ ಗೊತ್ತು. ಕಂಕುಳಲ್ಲಿ ಹರಿದಿದ್ದು, ಬಣ್ಣ ಬಿಟ್ಟಿದ್ದು, ಮೇಲೆಲ್ಲ ಸಣ್ಣ ಸಣ್ಣ ಉಂಡೆ ಎದ್ದಿದ್ದು, ಎಲ್ಲ ನಮ್ಮ ಮೇಜಿನ ಮೇಲೇ ಬಂದು ಬೀಳುತ್ತದೆ.

ಮೊದಲು ಪಾಲಿಯೆಸ್ಟರ್ ಪರವಾಗಿಯೇ ಮಾತಾಡುತ್ತೇನೆ. ಯಾಕೆಂದರೆ ಅದನ್ನು ಬೈಯುವವರು ಒಂದು ವಿಷಯ ಮರೆಯುತ್ತಾರೆ. ಕಾಟನ್ ಸೀರೆ ಉಡಲು ಆರಾಮ, ನಿಜ. ಆದರೆ ಅದನ್ನು ಒಗೆದು, ಗಂಜಿ ಹಾಕಿ, ನೆರಳಲ್ಲಿ ಇಬ್ಬರು ಎರಡು ಕಡೆ ಹಿಡಿದು ಜಗ್ಗಿ, ಹಸಿ ಆರುವ ಮುಂಚೆ ಇಸ್ತ್ರಿ ಮಾಡಿ ಇಡುವವರು ಯಾರು? ಇಸ್ತ್ರಿಗೆ ಕೊಟ್ಟರೆ ಅದಕ್ಕೂ ದುಡ್ಡು. ಬೆಳಗ್ಗೆ ನಲ್ಲಿ ನೀರು ಹಿಡಿದು, ಮಕ್ಕಳಿಗೆ ಡಬ್ಬಿ ಕಟ್ಟಿ, ಎಂಟು ಗಂಟೆ ಹೊತ್ತಿಗೆ ಕೆಲಸಕ್ಕೆ ಹೋಗುವ ಹೆಂಗಸಿಗೆ ಇದಕ್ಕೆಲ್ಲ ಎಲ್ಲಿ ಹೊತ್ತಿದೆ? ಪಾಲಿಯೆಸ್ಟರ್‌ನಂಥ ಸಿಂಥೆಟಿಕ್ ಸೀರೆಯಾದರೆ ರಾತ್ರಿ ಹಿಂಡಿ ಹಾಕಿದರೆ ಬೆಳಗ್ಗೆ ಉಟ್ಟುಕೊಂಡು ಹೋಗಬಹುದು.

ನಮ್ಮದು ರೇಷ್ಮೆಯ ಊರು. ಇಲ್ಲಿನ ಗೂಡಿನ ಮಾರುಕಟ್ಟೆಗೆ ಆಂಧ್ರದ ಕಡೆಯಿಂದಲೂ ಗೂಡು ಬರುತ್ತದೆ. ಫಿಲೇಚರ್‌ಗಳಲ್ಲಿ, ಅಂದರೆ ರೇಷ್ಮೆ ನೂಲು ತೆಗೆಯುವ ಕಾರ್ಖಾನೆಗಳಲ್ಲಿ, ಬಿಸಿನೀರಿನ ಬೇಸಿನ್ ಮುಂದೆ ಕೂತು ಗೂಡಿನಿಂದ ಎಳೆ ಹಿಡಿದು ಕೊಡುವ ಹೆಂಗಸರು ನನ್ನ ಗಿರಾಕಿಗಳು. ಬೆಳಗಿನಿಂದ ಅವರ ಬೆರಳ ನಡುವೆ ಓಡುವುದು ರೇಷ್ಮೆ. ಮೈಮೇಲೆ ಇರುವುದು ಸಂತೆಯಲ್ಲಿ ಕೊಂಡ ಸಿಂಥೆಟಿಕ್ ಸೀರೆ. ಇದರಲ್ಲಿ ಯಾರೂ ಕವಿತೆ ಹುಡುಕುವುದು ಬೇಡ. ಅವರ ಲೆಕ್ಕ ಸರಿಯಾಗಿಯೇ ಇದೆ. ನೀರು ಸಿಡಿದು ದಿನವಿಡೀ ಸೆರಗು, ಮಡಿಲು ಒದ್ದೆ. ಕಾಟನ್ ಸೀರೆಯಾದರೆ ಆ ನೀರನ್ನೆಲ್ಲ ಕುಡಿದು ಭಾರವಾಗಿ, ಸಂಜೆಯವರೆಗೂ ತಣ್ಣಗೆ ಕಾಲಿಗೆ ಅಂಟಿಕೊಂಡೇ ಇರುತ್ತದೆ. ಸಿಂಥೆಟಿಕ್ ಆದರೆ ಒಂದು ಸಲ ಒದರಿದರೆ ಮುಗಿಯಿತು.

ಆದರೆ ಅದೇ ಸೀರೆಯ ಮೇಲೆ ಇನ್ನೊಂದು ದೂರೂ ಅದೇ ಹೆಂಗಸರದ್ದು. ಬೇಯಿಸಿದ ಹುಳುವಿನ ವಾಸನೆ ಅದರಿಂದ ಹೋಗುವುದಿಲ್ಲ. ಹುಳುವಿನಲ್ಲಿ ಎಣ್ಣೆ ಅಂಶ ಜಾಸ್ತಿ. ಪಾಲಿಯೆಸ್ಟರ್ ನೀರನ್ನು ಒಲ್ಲದು, ಎಣ್ಣೆಯನ್ನು ಬಿಡದು. ಸೋಪು ಹಾಕಿ ತಿಕ್ಕಿದಾಗ ಹೋದಂತೆ ಕಾಣುತ್ತದೆ. ಮೈ ಬಿಸಿಗೆ ಮತ್ತೆ ಎದ್ದು ಬರುತ್ತದೆ. ಬೆವರಿನ ಕಥೆಯೂ ಇದೇ. 2014ರಲ್ಲಿ ಬೆಲ್ಜಿಯಂನ ಗೆಂಟ್ ವಿಶ್ವವಿದ್ಯಾಲಯದವರು 26 ಜನರಿಗೆ ಜೋರು ವ್ಯಾಯಾಮ ಮಾಡಿಸಿ, ಅವರ ಅಂಗಿಗಳನ್ನು ಮಾರನೇ ದಿನ ಪರೀಕ್ಷೆ ಮಾಡಿದರು. ಕಾಟನ್‌ಗಿಂತ ಪಾಲಿಯೆಸ್ಟರ್ ಅಂಗಿಗಳೇ ಕೆಟ್ಟ ವಾಸನೆ ಹೊಡೆಯುತ್ತಿದ್ದವು. ವಾಸನೆ ಹುಟ್ಟಿಸುವ ಒಂದು ಜಾತಿಯ ಬ್ಯಾಕ್ಟೀರಿಯಾ ಅದರ ಮೇಲೆ ಚೆನ್ನಾಗಿ ಬೆಳೆದಿತ್ತು. ರಿಪೇರಿಗೆ ಬಂದ ಬ್ಲೌಸಿನ ತೋಳು ಬಿಚ್ಚುವ ಯಾವ ಟೈಲರ್‌ನ್ನು ಕೇಳಿದ್ದರೂ ಬೆಲ್ಜಿಯಂ ತನಕ ಹೋಗದೇ ಹೇಳುತ್ತಿದ್ದರು, ಬಿಡಿ.

ಈಗ ಎರಡನೇ ಪತ್ರದವರ ಮಾತಿಗೆ ಬರುತ್ತೇನೆ. ಪಾಲಿಯೆಸ್ಟರ್ ಬದಲಾಗಿದೆ ಅನ್ನೋದು ನಿಜವೇ. 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬ ಇಬ್ಬರು ಕಂಡುಹಿಡಿದ ಎಳೆ ಅದು. ಟೆರಿಲಿನ್ ಎಂದು ಹೆಸರಿಟ್ಟರು. ಇಲ್ಲಿ ಟೆರಿಲಿನ್ ಷರ್ಟು, ಆಮೇಲೆ ಹತ್ತಿ ಬೆರೆಸಿದ ಟೆರಿಕಾಟ್ ಅಂತ ಬಂದು ಮದುವೆ ಗಂಡಿನ ಮರ್ಯಾದೆಯ ಬಟ್ಟೆಯೇ ಆಗಿಬಿಟ್ಟಿತ್ತು. ಆಗಿನ ಎಳೆ ದಪ್ಪ, ಒರಟು. ಈಗಿನದು ಹಾಗಲ್ಲ. ಎಷ್ಟು ಸಣ್ಣದು ಅನ್ನೋದನ್ನು ನಮ್ಮೂರಿನ ಭಾಷೆಯಲ್ಲೇ ಹೇಳುತ್ತೇನೆ. ಗೂಡಿನಿಂದ ನೂಲು ತೆಗೆಯುವ ಬಿಚ್ಚಾಣಿಕೆದಾರರು ಅದರ ದಪ್ಪವನ್ನು ಡೀನಿಯರ್‌ನಲ್ಲಿ ಅಳೆಯುತ್ತಾರೆ. 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಡೀನಿಯರ್. ಒಂದು ಗೂಡಿನ ಒಂಟಿ ಎಳೆ ಎರಡೂವರೆ, ಮೂರು ಡೀನಿಯರ್ ಆಸುಪಾಸು ಇರುತ್ತದೆ. ಮೈಕ್ರೋಫೈಬರ್ ಅಂತ ಮಾರುವ ಪಾಲಿಯೆಸ್ಟರ್ ಎಳೆ ಒಂದು ಡೀನಿಯರ್‌ಗಿಂತಲೂ ಕಮ್ಮಿ. ರೇಷ್ಮೆಹುಳು ಬಿಡುವ ಎಳೆಗಿಂತ ಸಣ್ಣ! ಹಾಗಾಗಿ ಕೈಗೆ ನಯ, ಜೋತುಬೀಳುವ ರೀತಿ ಚಂದ. ಅಂಗಡಿಯಲ್ಲಿ ಮುಟ್ಟಿ ನೋಡಿ ಇದು ರೇಷ್ಮೆಯೋ ಅಲ್ಲವೋ ಅಂತ ಹೇಳುವುದು ಈಗ ನಮಗೇ ಕಷ್ಟ.

ಎಳೆ ಸಣ್ಣದಾಯಿತು. ಆದರೆ ಎಳೆಯ ಗುಣ? ಅದು ಪೆಟ್ರೋಲಿಯಂ ಮೂಲದ್ದೇ, ನೀರಿನ ಬಾಟಲಿ ಮಾಡುವ ಸಾಮಾನೇ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನ ಇಂಧನ ಸಪ್ತಾಹದಲ್ಲಿ ಪ್ರಧಾನಿಯವರಿಗೆ ಒಂದು ಜಾಕೆಟ್ ಕೊಟ್ಟರಲ್ಲ, ಅದನ್ನು ಮಾಡಿದ್ದೇ ಹಳೇ ಬಾಟಲಿಗಳಿಂದ. ಬಾಟಲಿ ಒಳಗಿನ ನೀರನ್ನು ಕುಡಿಯುತ್ತದೆಯೇ? ಇಲ್ಲ. ಈ ಎಳೆಯೂ ಕುಡಿಯುವುದಿಲ್ಲ. ಸಾಧಾರಣ ಗಾಳಿಯಲ್ಲಿ ಇಟ್ಟ ಹತ್ತಿ ತನ್ನ ತೂಕದ 7–8 ಶೇಕಡಾದಷ್ಟು ತೇವವನ್ನು ತನ್ನೊಳಗೇ ಇಟ್ಟುಕೊಂಡಿರುತ್ತದೆ. ರೇಷ್ಮೆ ಸುಮಾರು 11 ಶೇಕಡಾ, ಉಣ್ಣೆ ಇನ್ನೂ ಜಾಸ್ತಿ. ಪಾಲಿಯೆಸ್ಟರ್ ಅರ್ಧ ಶೇಕಡಾಕ್ಕಿಂತ ಕಮ್ಮಿ. ಇಡೀ ಜಗಳ ಇರುವುದು ಈ ಒಂದು ಅಂಕಿಯಲ್ಲಿ. ಬೆವರು ಹನಿಯಾಗಿ ಇಳಿಯುವ ಮೊದಲೇ ನಮ್ಮ ಮೈಯಿಂದ ಆವಿಯಾಗಿ ಹೋಗುತ್ತಿರುತ್ತದೆ. ಹತ್ತಿ ಅದನ್ನು ಒಳಕ್ಕೆ ಎಳೆದುಕೊಂಡು ಹೊರಕ್ಕೆ ದಾಟಿಸುತ್ತದೆ. ಪಾಲಿಯೆಸ್ಟರ್‌ಗೆ ಆ ಆವಿಯನ್ನು ಎಳೆಯ ಒಳಗೆ ತೆಗೆದುಕೊಳ್ಳುವ ಶಕ್ತಿ ಇಲ್ಲ. ನೇಯ್ಗೆಯ ಸಂದಿ ಇದ್ದಷ್ಟು ಗಾಳಿ, ಅಷ್ಟೇ. ಬಿಗಿಯಾಗಿ ನೇಯ್ದಿದ್ದರೆ ಬೆನ್ನ ಮೇಲೆ ಬೆವರುಸಾಲೆ ಗ್ಯಾರಂಟಿ.

ಹಾಗಾದರೆ ಆಟಗಾರರೆಲ್ಲ ಪಾಲಿಯೆಸ್ಟರ್ ಜರ್ಸಿಯನ್ನೇ ಯಾಕೆ ಹಾಕುತ್ತಾರೆ ಅಂತ ಕೇಳಬಹುದು. ಒಳ್ಳೆ ಪ್ರಶ್ನೆ. ಓಡುವವರ ಬೆವರು ಆವಿ ಅಲ್ಲ, ಧಾರೆ. ಅಂಥ ಎಷ್ಟೋ ಜರ್ಸಿಗಳ ಎಳೆ ಗುಂಡಗಿರುವುದಿಲ್ಲ, ಉದ್ದಕ್ಕೂ ಕಾಲುವೆ ಬಿಟ್ಟಂತೆ ಮಾಡಿರುತ್ತಾರೆ. ಬೆವರ ನೀರು ಎಳೆಗಳ ನಡುವೆ ಹರಿದು ಬಟ್ಟೆಯ ಹೊರಮೈಗೆ ಬಂದು, ಓಟದ ಗಾಳಿಗೆ ಆರಿಹೋಗುತ್ತದೆ. ಹತ್ತಿ ಬನಿಯನ್ ಹಾಕಿ ಓಡಿದರೆ ನೀರು ತುಂಬಿ ಜೋತುಬಿದ್ದು ಕಂಕುಳು ಕಿತ್ತುಬರುತ್ತದೆ. ನಂದಿ ಬೆಟ್ಟದ ಮೆಟ್ಟಿಲು ಹತ್ತುವ ಹುಡುಗರು, ಜಿಲ್ಲಾ ಕ್ರೀಡಾಕೂಟದಲ್ಲಿ ಓಡುವ ಹುಡುಗಿಯರು ಪಾಲಿಯೆಸ್ಟರ್ ಟೀ ಷರ್ಟ್ ಹಾಕಲಿ, ಖುಷಿಯಿಂದ ಹೊಲಿದು ಕೊಡುತ್ತೇನೆ. ಚಳಿಗಾಲದ ಫ್ಲೀಸ್ ಸ್ವೆಟರ್, ಮಳೆ ಕೋಟು, ಕೊಡೆ, ಶಾಲೆ ಬ್ಯಾಗು, ಇದಕ್ಕೆಲ್ಲ ಪಾಲಿಯೆಸ್ಟರ್‌ನ್ನು ಮೀರಿಸೋದು ಯಾವುದೂ ಇಲ್ಲ. (2021ರ ಡಿಸೆಂಬರ್‌ನಲ್ಲಿ ನಿಯಮ ಬದಲಾಯಿಸಿ ರಾಷ್ಟ್ರಧ್ವಜಕ್ಕೂ ಪಾಲಿಯೆಸ್ಟರ್ ಆಗಬಹುದು ಅಂದರು. ಬಾವುಟ ಬೆವರುವುದಿಲ್ಲ, ಒಪ್ಪಿದೆ. ಆದರೆ ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಬಾವುಟ ಹೊಲಿಯುವ ಹೆಂಗಸರ ಬಗ್ಗೆ ನನಗೆ ಬೇರೆಯೇ ಸಂಕಟ ಇದೆ. ಅದನ್ನು ಇಲ್ಲಿ ತೆಗೆಯುವುದಿಲ್ಲ.)

ಅಂದರೆ ನಾನು ಹೇಳೋದು ಇಷ್ಟೇ. ಪಾಲಿಯೆಸ್ಟರ್ ಹಾಕಬಹುದೋ ಬೇಡವೋ ಅಂತ ಒಟ್ಟಾಗಿ ಕೇಳಿದರೆ ಉತ್ತರ ಸಿಗುವುದಿಲ್ಲ. ಹಾಕಿಕೊಂಡು ಏನು ಮಾಡುತ್ತೀರಿ, ಎಷ್ಟು ಹೊತ್ತು, ಚರ್ಮಕ್ಕೆ ತಾಗುತ್ತದೋ ಮೇಲೆ ಬರುತ್ತದೋ, ಅದನ್ನು ಕೇಳಬೇಕು.

ನನ್ನ ಅಂಗಡಿಯಲ್ಲಿ ಇದಕ್ಕೆ ಒಂದು ಪದ್ಧತಿ ಇದೆ. ಸೀರೆ ಯಾವುದಾದರೂ ಇರಲಿ, ಬ್ಲೌಸಿನ ಒಳಗಿನ ಲೈನಿಂಗ್ ಕಾಟನ್ ಆಗಿರಬೇಕು. ಮೇಲಿನ ಬಟ್ಟೆ ಪಾಲಿಯೆಸ್ಟರ್ ಆಗಿದ್ದು ಲೈನಿಂಗೂ ಸಿಂಥೆಟಿಕ್ ಕ್ರೇಪ್ ಆದರೆ ಮೇ ತಿಂಗಳ ಮದುವೆ ಛತ್ರದಲ್ಲಿ ಆ ಹೆಣ್ಣುಮಗಳ ಪಾಡು ಯಾರಿಗೂ ಬೇಡ. ಬ್ಲೌಸಿನ ಟೂ ಬೈ ಟೂ ಬಟ್ಟೆ ತರುವಾಗಲೂ ಹೇಳಿ ಕಳಿಸುತ್ತೇನೆ, ಕಾಟನ್ ಕೇಳಿ ತನ್ನಿ, ಪಾಲಿಯೆಸ್ಟರ್ ಬೆರೆತ ಮಿಕ್ಸ್ ಕೊಡುತ್ತಾರೆ ಹುಷಾರು ಅಂತ. ಮೂರು ರೂಪಾಯಿ ಉಳಿಸಲು ಹೋಗಿ ಮಿಕ್ಸ್ ತಂದವರೇ ಆಮೇಲೆ ತೋಳು ಕಡಿಯುತ್ತೆ ಅಂತ ನನ್ನ ಹೊಲಿಗೆಯನ್ನು ಬೈಯುತ್ತಾರೆ.

ಫಾಲ್ ವಿಷಯ ಮಾತ್ರ ಉಲ್ಟಾ. ಸೀರೆಯ ಅಡಿಗೆ ಹಚ್ಚುವ ಆ ಪಟ್ಟಿ ಕಾಟನ್ ಆಗಿದ್ದರೆ ರಾತ್ರಿಯಿಡೀ ನೀರಲ್ಲಿ ನೆನೆಸಿ ಒಣಗಿಸಿ, ಇಸ್ತ್ರಿ ಮಾಡಿಯೇ ಹಚ್ಚಬೇಕು. ಇಲ್ಲದಿದ್ದರೆ ಮೊದಲ ಒಗೆತಕ್ಕೆ ಫಾಲ್ ಕುಗ್ಗುತ್ತದೆ, ಸೀರೆ ಕುಗ್ಗುವುದಿಲ್ಲ. ಅಂಚು ಪೂರ್ತಿ ಸುಕ್ಕು ಹಿಡಿದು ನೆರಿಗೆ ನಿಲ್ಲುವುದೇ ಇಲ್ಲ. ಸಿಂಥೆಟಿಕ್ ಸೀರೆಗೆ ಪಾಲಿಯೆಸ್ಟರ್ ಫಾಲ್ ಹಚ್ಚಿದರೆ ಈ ತಲೆನೋವಿಲ್ಲ. ಹಾಗೇ, ಶುದ್ಧ ಕಾಟನ್ ಷರ್ಟ್ ಅಂತ ಹೆಮ್ಮೆಯಿಂದ ಹಾಕುವವರಿಗೆ ಒಂದು ಗುಟ್ಟು. ಅದನ್ನು ಹೊಲಿದಿರುವುದು ಪಾಲಿಯೆಸ್ಟರ್ ದಾರದಲ್ಲಿ. ಈಗ ಕಾಟನ್ ದಾರ ಹಾಕಿ ಹೊಲಿಯುವವರು ಹುಡುಕಿದರೂ ಕಷ್ಟ. ಅದು ಬೇಗ ಕಿತ್ತುಬರುತ್ತದೆ.

ಇಸ್ತ್ರಿ ಪೆಟ್ಟಿಗೆಯ ಚುಕ್ಕಿಗಳನ್ನು ಗಮನಿಸಿದ್ದೀರಾ? ಮೂರು ಚುಕ್ಕಿ ಅಂದರೆ ಸುಮಾರು 200 ಡಿಗ್ರಿ, ಅದು ಹತ್ತಿಗೆ. ಎರಡು ಚುಕ್ಕಿ 150, ಪಾಲಿಯೆಸ್ಟರ್‌ಗೂ ರೇಷ್ಮೆಗೂ ಅಷ್ಟೇ ಸಾಕು. ನಮ್ಮ ಬೀದಿಯ ಇದ್ದಿಲ ಪೆಟ್ಟಿಗೆಗೆ ಚುಕ್ಕಿ ಎಲ್ಲಿಂದ ಬರಬೇಕು? ಹಾಗಾಗಿ ಪ್ಯಾಂಟಿನ ಮಂಡಿ ಮೇಲೆ, ಕಾಲರಿನ ಮೇಲೆ ಆ ಮಿರಮಿರ ಹೊಳೆಯುವ ಕಲೆ. ಅದು ಕೊಳೆಯಲ್ಲ. ಎಳೆ ಬಿಸಿಗೆ ಮೆತ್ತಗಾಗಿ ಚಪ್ಪಟೆಯಾದದ್ದು. ಯಾವ ಸೋಪಿಗೂ ಹೋಗುವುದಿಲ್ಲ.

ಬಿಸಿ ಅಂದ ಮೇಲೆ ಬೆಂಕಿಯ ಮಾತನ್ನೂ ಹೇಳಿಬಿಡುತ್ತೇನೆ. ಪಾಲಿಯೆಸ್ಟರ್ 250–260 ಡಿಗ್ರಿಗೆ ಕರಗುತ್ತದೆ. ಕರಗಿದ್ದು ಚರ್ಮಕ್ಕೆ ಅಂಟುತ್ತದೆ. ದೀಪಾವಳಿಗೆ ಹತ್ತಿ ಬಟ್ಟೆ ಹಾಕಿ ಅಂತ ವೈದ್ಯರು ಹೇಳುವುದು ಅದಕ್ಕೇ. ಹತ್ತಿ ಸುಡುವುದಿಲ್ಲ ಅಂತ ಮಾತ್ರ ತಿಳಿಯಬೇಡಿ. ಅದು ಬೇಗನೇ ಹೊತ್ತಿಕೊಳ್ಳುತ್ತದೆ, ಆದರೆ ಕರಗಿ ಮೆತ್ತುವುದಿಲ್ಲ. ಎರಡೂ ಬೆರೆತ ಬಟ್ಟೆ ಒಲೆ ಮುಂದೆ ಇನ್ನೂ ಅಪಾಯ. ಹತ್ತಿ ಉರಿಯುತ್ತಾ, ಕರಗಿದ ಪಾಲಿಯೆಸ್ಟರ್ ಕೆಳಗೆ ತೊಟ್ಟಿಕ್ಕದಂತೆ ಹಿಡಿದಿಟ್ಟುಕೊಂಡು ಉರಿಸುತ್ತದೆ. ಹಳ್ಳಿ ಕಡೆ ಇನ್ನೂ ಸೌದೆ ಒಲೆ ಇದೆ. ಅಲ್ಲಿ ಸೆರಗು ಸಿಕ್ಕಿಸಿಕೊಳ್ಳಿ ಅಂತ ಹೇಳುವುದು ಸುಮ್ನೆ ಅಲ್ಲ.

ಇದೇ ಬೆಂಕಿಯಿಂದ ಬಟ್ಟೆಯ ಜಾತಿ ಕಂಡುಹಿಡಿಯಬಹುದು. ಅಂಚಿನಿಂದ ಎರಡು ಎಳೆ ಕಿತ್ತು ಕಡ್ಡಿ ಗೀರಿ ಹಿಡಿಯಿರಿ. ಹತ್ತಿ ಕಾಗದ ಸುಟ್ಟ ವಾಸನೆ ಬಂದು ಮೆತ್ತನೆ ಬೂದಿಯಾಗುತ್ತದೆ. ರೇಷ್ಮೆ ಕೂದಲು ಸುಟ್ಟ ವಾಸನೆ ಬರುತ್ತದೆ, ಕೊನೆಯಲ್ಲಿ ಉಳಿದ ಕರೀ ಉಂಡೆ ಬೆರಳಲ್ಲಿ ಹೊಸಕಿದರೆ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಉರಿಗೆ ಹೆದರಿ ಹಿಂದಕ್ಕೆ ಮುದುಡುತ್ತದೆ, ಕಪ್ಪು ಹೊಗೆ ಬಿಡುತ್ತದೆ, ಆಮೇಲೆ ಗಟ್ಟಿ ಮಣಿಯಾಗಿ ನಿಲ್ಲುತ್ತದೆ. ಆ ಮಣಿ ಪುಡಿಯಾಗುವುದಿಲ್ಲ. ಬಿಸಿ ಇದ್ದಾಗ ಮುಟ್ಟಬೇಡಿ.

ನಮ್ಮೂರಿನವರಿಗೆ ಈ ಪರೀಕ್ಷೆ ಬರೀ ಆಟ ಅಲ್ಲ. ಒಂದು ಕಿಲೋ ನೂಲು ತೆಗೆಯಲು ಆರರಿಂದ ಎಂಟು ಕಿಲೋ ಗೂಡು ಬೇಕು. ಅದರ ಹಿಂದೆ ಹಿಪ್ಪುನೇರಳೆ ತೋಟ, ಬೋರ್‌ವೆಲ್ ಸಾಲ, ಹುಳು ಹಣ್ಣಾಗುವ ಕಾಲಕ್ಕೆ ನಿದ್ದೆಗೆಟ್ಟ ಮನೆಮಂದಿ. ಆ ಕಡೆ ಸೆಮಿ ಸಿಲ್ಕ್, ಆರ್ಟ್ ಸಿಲ್ಕ್, ಸಾಫ್ಟ್ ಸಿಲ್ಕ್ ಅಂತ ನೂರೆಂಟು ಹೆಸರಿಟ್ಟು ಪಾಲಿಯೆಸ್ಟರ್ ಸೀರೆ ಮಾರುತ್ತಾರೆ. ಪಕ್ಕದ ದೊಡ್ಡಬಳ್ಳಾಪುರದ ಮಗ್ಗದವರು ಸೂರತ್‌ನಿಂದ ಬರುವ ಅಗ್ಗದ ಸೀರೆಗಳ ಎದುರು ನಿಲ್ಲಲಾಗದೆ ಕೂಗಾಡುತ್ತಿದ್ದಾರೆ. ಪಾಲಿಯೆಸ್ಟರ್ ಸೀರೆ ಉಡುವವರ ಮೇಲೆ ನನಗೆ ಯಾವ ಕೋಪವೂ ಇಲ್ಲ. ಎಂಟು ನೂರಕ್ಕೆ ಚಂದದ ಸೀರೆ ಸಿಕ್ಕರೆ ಯಾರು ಬಿಡುತ್ತಾರೆ? ಪಾಲಿಯೆಸ್ಟರ್ ಎಂದು ಹೇಳಿ ಮಾರಲಿ. ನಾಲ್ಕು ಸಾವಿರ ತೆಗೆದುಕೊಂಡು ರೇಷ್ಮೆ ಅಂತ ನಂಬಿಸುವುದು ಮೋಸ. ಗೌರಿ ಹಬ್ಬದ ಹಿಂದಿನ ವಾರ ಫಾಲ್ ಹಚ್ಚಲು ಬಂದ ಸೀರೆ ನೋಡಿದರೆ ಸೂಜಿ ಹಾಕಿದ ಕೂಡಲೇ ನನಗೆ ತಿಳಿಯುತ್ತದೆ. ಹೇಳಬೇಕೋ ಬೇಡವೋ? ಆ ಹೆಂಗಸು ಮಗಳಿಗೆ ಅಂತ ಚೀಟಿ ದುಡ್ಡಲ್ಲಿ ತಂದಿರುತ್ತಾಳೆ. ಹೇಳಿದರೆ ಹಬ್ಬ ಕೆಡುತ್ತದೆ, ಹೇಳದಿದ್ದರೆ ಮುಂದಿನ ವರ್ಷ ಅದೇ ಅಂಗಡಿಗೆ ಹೋಗುತ್ತಾಳೆ. ಕೇಂದ್ರ ರೇಷ್ಮೆ ಮಂಡಳಿಯ ಸಿಲ್ಕ್ ಮಾರ್ಕ್ ಗುರುತು 2004ರಿಂದಲೇ ಇದೆ. ದುಡ್ಡು ಕೊಡುವ ಮುಂಚೆ ಆ ಚೀಟಿ ತೋರಿಸಿ ಅಂತ ಕೇಳಿ. ನಾಚಿಕೆ ಪಡಬೇಡಿ.

ಪರಿಸರದ ವಿಷಯ ಮೊದಲ ಪತ್ರದವರು ಎತ್ತಿದ್ದರು. ಅದನ್ನು ನಮ್ಮ ಕೆರೆ ದಂಡೆಗೆ ತರುತ್ತೇನೆ. ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದವರು 2016ರಲ್ಲಿ ಅಂದಾಜು ಮಾಡಿದಂತೆ, 6 ಕಿಲೋ ಪಾಲಿಯೆಸ್ಟರ್ ಬಟ್ಟೆಯನ್ನು ವಾಷಿಂಗ್ ಮಷೀನಿಗೆ ಹಾಕಿದರೆ ಹತ್ತಿರ ಹತ್ತಿರ 5 ಲಕ್ಷ ಸಣ್ಣ ಎಳೆಗಳು ನೀರಿಗೆ ಬಿಡುತ್ತವೆ. ಪಾಲಿಯೆಸ್ಟರ್, ಕಾಟನ್ ಬೆರೆತ ಬಟ್ಟೆಯಾದರೆ 1.38 ಲಕ್ಷದಷ್ಟು. ಈಗ ಯೋಚಿಸಿ. ಬೆಂಗಳೂರಿನ ಬಚ್ಚಲ ನೀರು ಎರಡು ಹಂತದ ಶುದ್ಧೀಕರಣ ಮುಗಿಸಿಕೊಂಡು ಎಚ್.ಎನ್. ವ್ಯಾಲಿ ಯೋಜನೆಯಲ್ಲಿ ನಮ್ಮ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಕೋಲಾರಕ್ಕೆ ಕೆ.ಸಿ. ವ್ಯಾಲಿಯಿಂದ ಬರುತ್ತಿದೆ. ಮೂರನೇ ಹಂತದ ಶುದ್ಧೀಕರಣ ಬೇಕು ಅಂತ ಇಲ್ಲಿನ ರೈತರು ವರ್ಷಗಳಿಂದ ಕೇಳುತ್ತಲೇ ಇದ್ದಾರೆ. ಶುದ್ಧೀಕರಣದಲ್ಲಿ ಆ ಎಳೆಗಳಲ್ಲಿ ಹೆಚ್ಚಿನವು ಕೆಸರಿನಲ್ಲಿ ನಿಲ್ಲುತ್ತವೆ, ಎಲ್ಲವೂ ನಿಲ್ಲುವುದಿಲ್ಲ. ಅಲ್ಲಿನವರ ಟ್ರ್ಯಾಕ್ ಪ್ಯಾಂಟು ಉದುರಿಸಿದ್ದರಲ್ಲಿ ಸ್ವಲ್ಪ ನಮ್ಮ ಕೆರೆಗೂ ಸೇರುತ್ತದೆ ಅನ್ನಿ.

ಹಾಗಂತ ಹತ್ತಿಯೂ ಸಾಧು ಅಲ್ಲ. ಒಂದು ಟೀ ಷರ್ಟಿನ ಹತ್ತಿಗೆ 2,700 ಲೀಟರ್ ನೀರು ಬೇಕು ಅಂತ ಅಂದಾಜು ಹೇಳುತ್ತಾರೆ. ಹೊಡೆಯುವ ಔಷಧಿ ಬೇರೆ. ಸಾವಿರ ಅಡಿ ಕೊರೆದರೂ ನೀರು ಬಾರದ ಜಿಲ್ಲೆಯಲ್ಲಿ ಕೂತು ನಾನು ಈ ಅಂಕಿಯನ್ನು ನುಂಗಿಕೊಂಡು ಕಾಟನ್ ಗುಣಗಾನ ಮಾಡಿದರೆ ತಪ್ಪಾಗುತ್ತದೆ. ಬಟ್ಟೆ ಯಾವುದಾದರೂ ಸರಿ, ಕೊಂಡಿದ್ದನ್ನು ಹರಿಯುವ ತನಕ ಹಾಕುವವರು ಪರಿಸರಕ್ಕೆ ಮಾಡುವ ಉಪಕಾರ ದೊಡ್ಡದು. ಹಬ್ಬಕ್ಕೊಂದು, ಫೋಟೋಕ್ಕೊಂದು ಕೊಳ್ಳುವವರು ಹತ್ತಿ ಕೊಂಡರೂ ಅಷ್ಟೇ.

ನಾನು ನಿಜವಾಗಿ ಈ ಪತ್ರ ಬರೆಯಲು ಕೂತಿದ್ದು ಶಾಲೆ ಯೂನಿಫಾರ್ಮ್‌ಗೋಸ್ಕರ. ಸೀರೆ ನಾವು ಆರಿಸುತ್ತೇವೆ. ಅಂಗಿ ನೀವು ಆರಿಸುತ್ತೀರಿ. ಹಿಡಿಸದಿದ್ದರೆ ಬೀರುವಿನಲ್ಲಿ ಇಡುತ್ತೀರಿ. ಮಗುವಿಗೆ ಆ ಸ್ವಾತಂತ್ರ್ಯ ಇಲ್ಲ. ಬೆಳಗ್ಗೆಯಿಂದ ಸಂಜೆಯವರೆಗೆ, ವಾರದಲ್ಲಿ ಆರು ದಿನ, ಯಾರೋ ಆರಿಸಿದ ಬಟ್ಟೆಯೊಳಗೆ ಕೂತಿರಬೇಕು.

ಖಾಸಗಿ ಶಾಲೆಯೊಂದರವರು ಒಮ್ಮೆ ಸ್ಯಾಂಪಲ್ ಪುಸ್ತಕ ಹಿಡಿದು ನನ್ನ ಅಂಗಡಿಗೆ ಬಂದಿದ್ದರು. ಹೊಲಿಗೆ ದರ ಮಾತಾಡಲು. ಪುಸ್ತಕದ ಬಟ್ಟೆ ತುಂಡುಗಳನ್ನು ಒಂದೊಂದಾಗಿ ಬೆರಳಲ್ಲಿ ತಿಕ್ಕಿ ನೋಡಿದರು. ಬಣ್ಣ ಹೋಗುತ್ತಾ, ಸುಕ್ಕು ಬೀಳುತ್ತಾ, ಪ್ರಜಾರಾಜ್ಯೋತ್ಸವದ ಪರೇಡಿಗೆ ಚೆನ್ನಾಗಿ ಕಾಣುತ್ತಾ, ಬೇರೆ ಶಾಲೆಯವರು ಇದೇ ಬಣ್ಣ ಹಾಕುತ್ತಿಲ್ಲ ತಾನೇ, ಎಲ್ಲ ಕೇಳಿದರು. ಬೆವರಿದರೆ ಹೇಗಿರುತ್ತೆ ಅಂತ ಒಬ್ಬರೂ ಕೇಳಲಿಲ್ಲ. ಕೊನೆಗೆ ಆರಿಸಿದ್ದು ಪ್ಯಾಂಟು, ಸ್ಕರ್ಟಿಗೆ ಪಾಲಿಯೆಸ್ಟರ್ ಮತ್ತು ವಿಸ್ಕೋಸ್ (ಮರದ ತಿರುಳಿನಿಂದ ಮಾಡುವ ಎಳೆ) ಬೆರೆತ ದಪ್ಪ ಬಟ್ಟೆ, ಷರ್ಟಿಗೆ 80 ಶೇಕಡಾ ಪಾಲಿಯೆಸ್ಟರ್. ಹೈಸ್ಕೂಲ್ ಹುಡುಗಿಯರಿಗೆ ಚೂಡಿದಾರದ ಮೇಲೆ ಓವರ್‌ಕೋಟ್. ಆ ಓವರ್‌ಕೋಟ್‌ಗೆ ಮತ್ತೆ ಪಾಲಿಯೆಸ್ಟರ್ ಲೈನಿಂಗ್! ಎಣಿಸಿ ನೋಡಿ. ಒಳಗೆ ಶಮೀಜು, ಅದರ ಮೇಲೆ ಟಾಪು, ಅದರ ಮೇಲೆ ಲೈನಿಂಗು, ಅದರ ಮೇಲೆ ಕೋಟು. ಫೆಬ್ರುವರಿ ಕಳೆದ ಮೇಲೆ ಶೀಟಿನ ಛಾವಣಿಯ ಕ್ಲಾಸಿನಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಗಣಿತ. ಆರಿಸಿದವರ ಕೋಣೆಯಲ್ಲಿ ಫ್ಯಾನ್ ತಿರುಗುತ್ತಿರುತ್ತದೆ, ಕೆಲವು ಕಡೆ ಎ.ಸಿ.ಯೂ ಇದೆ.

ಓವರ್‌ಕೋಟ್ ಮಕ್ಕಳಿಗೆ ಬೇಕೇ ಬೇಕು ಅಂತ ಕೆಲವರು ವಾದಿಸುತ್ತಾರೆ. ಬಟ್ಟೆ ತೆಳುವಾಗಿದ್ದರೆ ಒಳಗೆ ಕಾಣುತ್ತೆ ಅಂತ. ನನ್ನ ಉತ್ತರ ಸರಳ. ಸ್ವಲ್ಪ ದಪ್ಪ ಕಾಟನ್ ಆರಿಸಿ, ಗಾಢ ಬಣ್ಣ ಆರಿಸಿ. ಕಾಣುವುದೂ ಇಲ್ಲ, ಬೇಯುವುದೂ ಇಲ್ಲ.

ಹಾಗಾದರೆ ಯೂನಿಫಾರ್ಮ್ ಪೂರ್ತಿ ಕಾಟನ್ ಇರಲಿ ಅಂತೀರಾ? ಇಲ್ಲ, ಅದನ್ನೂ ನಾನು ಹೇಳುವುದಿಲ್ಲ. ತಾಯಂದಿರು ನನ್ನ ಮೇಲೆ ಬೀಳುತ್ತಾರೆ. ಬೆಳೆಯುವ ಮಕ್ಕಳ ಬಟ್ಟೆಗೆ ನಾವು ಮಡಿಕೆಯಲ್ಲಿ ಎರಡು ಇಂಚು ಬಿಟ್ಟು ಹೊಲಿಯುತ್ತೇವೆ. ಮುಂದಿನ ವರ್ಷ ಬಿಚ್ಚಿ ಇಳಿಸಬಹುದು ಅಂತ. ಕಾಟನ್ ಆದರೆ ಬಿಚ್ಚಿದ ಕೂಡಲೇ ಹಳೇ ಮಡಿಕೆಯ ಜಾಗದಲ್ಲಿ ಬಣ್ಣದ ಗೆರೆ ಎದ್ದು ಕಾಣುತ್ತದೆ. ಮೇಲಿನದು ಮಾಸಿದೆ, ಒಳಗಿನದು ಹೊಸದು. ಅಣ್ಣನ ಪ್ಯಾಂಟು ಅಂತ ಇಡೀ ಕ್ಲಾಸಿಗೆ ಗೊತ್ತಾಗುತ್ತದೆ. ಪಾಲಿಯೆಸ್ಟರ್ ಬಣ್ಣ ಬಿಡುವುದಿಲ್ಲ. ಅದರ ಬಣ್ಣವನ್ನು 130 ಡಿಗ್ರಿ ಬಿಸಿಯಲ್ಲಿ, ಒತ್ತಡ ಕೊಟ್ಟು ಎಳೆಯ ಒಳಕ್ಕೇ ಸೇರಿಸಿರುತ್ತಾರೆ. ಇಳಿಸಿ ಹೊಲಿದರೆ ಗೆರೆ ಅಷ್ಟಾಗಿ ಕಾಣದು. ಬಡವರ ಮನೆಯಲ್ಲಿ ಇದು ಸಣ್ಣ ವಿಷಯ ಅಲ್ಲ, ಅಲ್ವಾ? ಎರಡೇ ಜೊತೆ ಯೂನಿಫಾರ್ಮ್ ಇರುವ ಮನೆಯಲ್ಲಿ ಮಳೆಗಾಲದಲ್ಲಿ ಬಟ್ಟೆ ಆರುವುದೂ ಸಣ್ಣ ವಿಷಯ ಅಲ್ಲ.

ಅದಕ್ಕೇ ನಾನು ಕೇಳುತ್ತಿರುವುದು ಬೆರಕೆಯನ್ನೇ, ಆದರೆ ತಿರುವುಮುರುವು ಮಾಡಿ. ಈಗ ಸಾಮಾನ್ಯವಾಗಿ ಸಿಗುವುದು 67 ಪಾಲಿಯೆಸ್ಟರ್, 33 ಕಾಟನ್. ಹಳೇ ಕಾಲದ ಮಿಲ್ ಬಟ್ಟೆಯಲ್ಲಿ ಅಂಚಿನ ಮೇಲೇ ಇದನ್ನು ಅಚ್ಚು ಹಾಕಿರುತ್ತಿದ್ದರು. ನಾವು ಕತ್ತರಿಸುವಾಗ ಅದು ಕೈಗೆ ಸಿಗುತ್ತಿತ್ತು. ಷರ್ಟು, ಟಾಪಿಗೆ ಹತ್ತಿ ಕನಿಷ್ಠ 60 ಇರಲಿ. ಸ್ಕರ್ಟು, ಪ್ಯಾಂಟು ಈಗಿನಂತೆಯೇ ಇದ್ದರೂ ನಡೆಯುತ್ತದೆ, ಅದು ಒರಟು ಕೆಲಸದ ಬಟ್ಟೆ. ಆಟದ ದಿನದ ಟೀ ಷರ್ಟು ಪಾಲಿಯೆಸ್ಟರ್ ಇರಲಿ, ಶನಿವಾರದ ಮಟ್ಟಿಗೆ ಅದೇ ಒಳ್ಳೆಯದು. ಓವರ್‌ಕೋಟ್‌ನ್ನು ಶಿವರಾತ್ರಿ ಆದ ಮೇಲೆ ಬಿಡಿಸಿ. ಚಳಿ ಶಿವಶಿವಾ ಅಂತ ಹೋದ ಮೇಲೆ ಕೋಟು ಯಾತಕ್ಕೆ? ಬೆಲೆ ಜಾಸ್ತಿಯಾಗುತ್ತದೆ ಅನ್ನುವವರು, ಟೈ ಮತ್ತು ಬೆಲ್ಟ್ ಕೈಬಿಟ್ಟು ಆ ದುಡ್ಡನ್ನು ಷರ್ಟಿನ ಬಟ್ಟೆಗೆ ಹಾಕಿ ನೋಡಲಿ.

ಬಟ್ಟೆ ಆರಿಸುವ ದಿನ ಒಂದು ಕೆಲಸ ಮಾಡಿ. ಸ್ಯಾಂಪಲ್ ತುಂಡನ್ನು ಮನೆಗೆ ಒಯ್ದು ಒಂದು ಸಲ ಒಗೆದು ಒಣಗಿಸಿ. ಹೊಸ ಬಟ್ಟೆಯ ಮೇಲೆ ಗಂಜಿ, ಕೆಮಿಕಲ್ ಇರುತ್ತದೆ, ಅದು ದಾರಿ ತಪ್ಪಿಸುತ್ತದೆ. ಆಮೇಲೆ ಒಂದು ಹನಿ ನೀರು ಬಿಡಿ. ಹನಿ ಹಾಗೇ ಗುಂಡಗೆ ಕೂತರೆ ಆ ಬಟ್ಟೆ ಮಳೆ ಕೋಟಿಗೆ ಸರಿ, ಮಗುವಿನ ಬೆನ್ನಿಗಲ್ಲ. ಬಾಯಿ ಹತ್ತಿರ ಹಿಡಿದು ಊದಿ. ಉಸಿರು ಆ ಕಡೆ ಅಂಗೈಗೆ ತಾಗಬೇಕು. ಎರಡೂ ಪಾಸಾದ ಮೇಲೆ ಬಣ್ಣ ನೋಡಿ.

ಮುಂದಿನ ವರ್ಷದ ಯೂನಿಫಾರ್ಮಿನ ಮಾತುಕತೆ ಏಪ್ರಿಲ್‌ನಲ್ಲಿ ಶುರುವಾಗುತ್ತದೆ. ಸರ್ಕಾರಿ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಯವರಾಗಲಿ, ಖಾಸಗಿ ಶಾಲೆಯ ಆಡಳಿತದವರಾಗಲಿ, ಆ ಸಭೆಗೆ ಇಬ್ಬರು ತಾಯಂದಿರನ್ನೂ ಹೈಸ್ಕೂಲಿನ ಇಬ್ಬರು ಹುಡುಗಿಯರನ್ನೂ ಕೂರಿಸಿಕೊಳ್ಳಲಿ. ಸಭೆಯನ್ನು ಮಧ್ಯಾಹ್ನ ಎರಡು ಗಂಟೆಗೆ, ಶೀಟಿನ ಛಾವಣಿಯ ಕ್ಲಾಸಿನಲ್ಲೇ ಇಟ್ಟರೆ ಇನ್ನೂ ಒಳ್ಳೆಯದು. ಬಟ್ಟೆ ನೋಡಿ ಹೇಳಲು ಕರೆದರೆ ನಾನೂ ಬರುತ್ತೇನೆ. ಮದುವೆ ಸೀಸನ್ನು, ಸೋಮವಾರ ಮಾತ್ರ ಬೇಡ.

ಇತಿ,
ಒಬ್ಬ ಟೈಲರ್
ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ಜಿಲ್ಲೆ